ಹತ್ತೊಂಬತ್ತು ವರ್ಷ ನೀರು ಬಿಟ್ಟಿದ್ದೇನೆ, ಖಾಯಂ ಆಗುತ್ತದಾ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಎಂಟು, ಹನ್ನೆರಡು, ಹತ್ತೊಂಬತ್ತು ವರ್ಷ ಒಂದೇ ಕಡೆ ದುಡಿದು ಇನ್ನೂ ತಾತ್ಕಾಲಿಕ ಅಂತಲೇ ಕರೆಸಿಕೊಳ್ಳುವವರು ಬರೆದದ್ದು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದ ಐದು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು, ಕಚೇರಿ ಯಾವುದನ್ನೂ ಹಾಕಿಲ್ಲ. ಇವತ್ತು ಬೆಳಿಗ್ಗೆಯೂ ಅದೇ ಕೆಲಸಕ್ಕೆ ಹೋಗಿರುವ ಜನ ಅವರು.

ಪ್ರಶ್ನೆ: ಸರ್, ನಾನು ದಾವಣಗೆರೆ ಜಿಲ್ಲೆಯ ಒಂದು ಪಟ್ಟಣದಲ್ಲಿ ನೀರು ಬಿಡುವ ಕೆಲಸ ಮಾಡುತ್ತೇನೆ. 2006ರ ಜೂನ್‌ನಲ್ಲಿ ದಿನಗೂಲಿ ಅಂತ ಸೇರಿಸಿಕೊಂಡರು. ಐದು ವರ್ಷ ಕಚೇರಿಯಿಂದಲೇ ಸಂಬಳ ಆಗುತ್ತಿತ್ತು. 2011ರಲ್ಲಿ ಒಂದು ದಿನ ಎಲ್ಲರನ್ನೂ ಕರೆದು, ಇನ್ನು ಮೇಲೆ ನಿಮ್ಮ ಸಂಬಳ ಗುತ್ತಿಗೆದಾರರು ಕೊಡ್ತಾರೆ, ಇಲ್ಲಿ ಸಹಿ ಹಾಕಿ ಅಂದರು. ಹಾಕಿದೆವು. ಆಮೇಲೆ ನಾಲ್ಕು ಜನ ಗುತ್ತಿಗೆದಾರರು ಬದಲಾದರು. ನಾನು ತಿರುಗಿಸುವ ವಾಲ್ವ್‌ಗಳು ಅವೇ, ಬೀದಿಗಳು ಅವೇ, ಹೇಳುವ ಇಂಜಿನಿಯರ್ ಕಚೇರಿಯವರೇ. ಹತ್ತು ವರ್ಷ ಆದವರನ್ನು ಖಾಯಂ ಮಾಡಲೇಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದೆಯಂತೆ, ನಿಜವಾ? ಪೌರಕಾರ್ಮಿಕರಿಗೆ ಆಯಿತು, ನಮಗೆ ಯಾಕಿಲ್ಲ? ಒಬ್ಬರು ಖಾಯಂ ಮಾಡಿಸಿಕೊಡ್ತೀನಿ, ಮೇಲಿನವರಿಗೆ 50 ಸಾವಿರ ಕೊಡಬೇಕು ಅಂತಿದ್ದಾರೆ. ಕೊಡಬಹುದಾ?

ಉತ್ತರ: ಅಣ್ಣಾ, ಕೊನೆಯದನ್ನು ಮೊದಲು ಹೇಳಿಬಿಡುತ್ತೇನೆ. ಆ 50 ಸಾವಿರ ಕೊಡಬೇಡಿ. ಒಂದು ರೂಪಾಯಿಯೂ ಬೇಡ. ಖಾಯಂ ಆದೇಶ ಬರುವುದಿದ್ದರೆ ಅದು ಸರ್ಕಾರದ ತೀರ್ಮಾನದಿಂದ ಬರಬೇಕು, ಇಲ್ಲವೇ ಕೋರ್ಟಿನಿಂದ ಬರಬೇಕು. ಮಧ್ಯದಲ್ಲಿ ನಿಂತವರ ಜೇಬಿನಿಂದ ಅದು ಬರುವುದಿಲ್ಲ. ಕಷ್ಟಪಟ್ಟು ಕೂಡಿಟ್ಟ ದುಡ್ಡು ಹೀಗೆ ಕಳೆದುಕೊಂಡವರ ಮುಖ ನಾನು ನೋಡಿದ್ದೇನೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ಈಗ ಹತ್ತು ವರ್ಷದ ಮಾತು. ಈ ಮಾತು ಹುಟ್ಟಿದ್ದು ನಮ್ಮ ರಾಜ್ಯದ್ದೇ ಒಂದು ಕೇಸಿನಲ್ಲಿ. ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಗಳು ಖಾಯಂ ಮಾಡಿ ಅಂತ ಹೋಗಿದ್ದ ಕೇಸು ಅದು, ಉಮಾದೇವಿ ಪ್ರಕರಣ ಅಂತಲೇ ಎಲ್ಲರ ಬಾಯಲ್ಲಿ ಇದೆ. 2006ರ ಏಪ್ರಿಲ್ 10ರಂದು ಐದು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಹತ್ತು ವರ್ಷ ಆದವರನ್ನು ಖಾಯಂ ಮಾಡಿ ಅಂತ ಅದು ಸುಮ್ನೆ ಹೇಳಲಿಲ್ಲ. ನಿಜ ಹೇಳಬೇಕೆಂದರೆ ಅದರ ಮುಖ್ಯ ಮಾತು ಉಲ್ಟಾ. ಸರ್ಕಾರಿ ಕೆಲಸಕ್ಕೆ ಎಲ್ಲರಿಗೂ ಅರ್ಜಿ ಹಾಕುವ ಹಕ್ಕಿದೆ, ಜಾಹೀರಾತು, ಆಯ್ಕೆ ಯಾವುದೂ ಇಲ್ಲದೆ ಒಳಗೆ ಬಂದವರು ಎಷ್ಟೇ ವರ್ಷ ದುಡಿದರೂ ಅದೊಂದರಿಂದಲೇ ಖಾಯಂ ಆಗುವ ಹಕ್ಕು ಬರುವುದಿಲ್ಲ ಅಂದಿತು. ಆದರೆ ಒಂದು ಕಿಟಕಿ ಬಿಟ್ಟಿತು. ಮಂಜೂರಾದ ಹುದ್ದೆ ಖಾಲಿ ಇರಬೇಕು, ನಿಮಗೆ ಆ ಹುದ್ದೆಯ ಅರ್ಹತೆ ಇರಬೇಕು, ಕೋರ್ಟಿನ ತಡೆಯಾಜ್ಞೆಯ ಬಲದಿಂದಲ್ಲದೆ ಹತ್ತು ವರ್ಷ ಅಥವಾ ಜಾಸ್ತಿ ದುಡಿದಿರಬೇಕು, ನೇಮಕದಲ್ಲಿ ಕ್ರಮ ತಪ್ಪಿದ್ದರೂ ಅದು ಪೂರ್ತಿ ಕಾನೂನುಬಾಹಿರ ಆಗಿರಬಾರದು. ಅಂಥವರನ್ನು ಒಂದು ಸಲಕ್ಕೆ ಮಾತ್ರ ಪರಿಗಣಿಸಿ ಅಂತ. 2010ರಲ್ಲಿ ಎಂ. ಎಲ್. ಕೇಸರಿ ಅನ್ನುವ ಇನ್ನೊಂದು ಕೇಸು ಬಂತು, ಅದೂ ಕರ್ನಾಟಕದ್ದೇ. ಆ ಒಂದು ಸಲ ಅನ್ನುವುದು ಅರ್ಹರೆಲ್ಲರನ್ನೂ ಪರಿಗಣಿಸಿ ಮುಗಿಸುವವರೆಗೂ ಮುಗಿಯುವುದಿಲ್ಲ ಅಂತ ಅಲ್ಲಿ ಸ್ಪಷ್ಟ ಆಯಿತು. ಆದರೂ ಲೆಕ್ಕ ಹಿಡಿಯುವ ದಿನ 2006ರ ಏಪ್ರಿಲ್ 10ನೇ ತಾರೀಕು. ಅವತ್ತಿಗೆ ಹತ್ತು ವರ್ಷ ಆಗಿರಬೇಕು.

ನೀವು ಸೇರಿದ್ದು ಅದರ ಎರಡು ತಿಂಗಳ ಮೇಲೆ. ಹಾಗಾಗಿ ಆ ಕಿಟಕಿ ನಿಮ್ಮದಲ್ಲ. ಇದನ್ನು ಹೇಳುವುದಕ್ಕೆ ನನಗೂ ಬೇಜಾರೇ. ಆದರೆ ಯಾರೋ ಹತ್ತು ವರ್ಷ ಅಂದರು ಅಂತ ಆ ಒಂದೇ ಮಾತು ಹಿಡಿದುಕೊಂಡು ನೀವು ಕೋರ್ಟಿಗೆ ಹೋದರೆ, ಎದುರು ವಕೀಲರು ಮೊದಲ ದಿನವೇ ಈ ತಾರೀಕು ತೋರಿಸುತ್ತಾರೆ.

ಹಾಗಂತ ದಾರಿ ಮುಚ್ಚಿಲ್ಲ. ಈಚಿನ ಎರಡು ವರ್ಷದಲ್ಲಿ ಗಾಳಿ ಸ್ವಲ್ಪ ತಿರುಗಿದೆ. 2024ರ ಡಿಸೆಂಬರ್ 20ರಂದು ಜಗ್ಗೋ ಅನ್ನುವ ಕೇಸಿನಲ್ಲಿ ಸುಪ್ರೀಂ ಕೋರ್ಟ್, ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ವರ್ಷಾನುಗಟ್ಟಲೆ ಕಸ ಗುಡಿಸಿ, ತೋಟ ನೋಡಿಕೊಂಡು 2018ರಲ್ಲಿ ಇದ್ದಕ್ಕಿದ್ದಂತೆ ಹೊರಗೆ ಹಾಕಿಸಿಕೊಂಡವರನ್ನು ವಾಪಸ್ ತೆಗೆದುಕೊಂಡು ಖಾಯಂ ಮಾಡಿ ಅಂದಿತು. ಅದಾದ ಒಂದೂವರೆ ತಿಂಗಳಿಗೇ, 2025ರ ಜನವರಿ 31ರಂದು ಗಾಜಿಯಾಬಾದ್ ನಗರ ನಿಗಮದ ತೋಟದ ಮಾಲಿಗಳ ತೀರ್ಪು ಬಂತು. ನಿಮಗೆ ಹೆಚ್ಚು ಹತ್ತಿರದ್ದು ಇದು. ಅವರು 1998ರಿಂದ ದುಡಿದಿದ್ದರು, 2005ರಲ್ಲಿ ನೋಟಿಸ್ ಇಲ್ಲದೆ ತೆಗೆದಿದ್ದರು. ಅವರು ಗುತ್ತಿಗೆದಾರನ ಜನ, ನಮ್ಮವರಲ್ಲ ಅಂತ ನಿಗಮ ವಾದ ಮಾಡಿತು. ಗುತ್ತಿಗೆಗೆ ಸರಿಯಾದ ದಾಖಲೆ ತೋರಿಸಲಿಲ್ಲ, ಕೆಲಸ ಹೇಳುತ್ತಿದ್ದದ್ದೂ ನಿಗಮದವರೇ. ಕೋರ್ಟ್ ಅವರನ್ನು ವಾಪಸ್ ತೆಗೆದುಕೊಳ್ಳಿ, ಹಿಂದಿನ ಸಂಬಳದ ಅರ್ಧ ಕೊಡಿ, ಖಾಯಂ ಮಾಡುವ ಕ್ರಮ ಶುರು ಮಾಡಿ ಅಂತ ಆದೇಶಿಸಿತು. ಉಮಾದೇವಿ ತೀರ್ಪನ್ನು ಅಡ್ಡ ಇಟ್ಟುಕೊಂಡು ಜನರನ್ನು ಶೋಷಣೆ ಮಾಡುವ ಹಾಗಿಲ್ಲ ಅಂತಲೂ ಹೇಳಿತು. 2025ರ ಆಗಸ್ಟ್ 19ರ ಧರಂ ಸಿಂಗ್ ತೀರ್ಪು ಇನ್ನೂ ಮುಂದೆ ಹೋಯಿತು. ದುಡ್ಡಿನ ಕೊರತೆ ಇದೆ ಅನ್ನುವುದು ಎಲ್ಲದಕ್ಕೂ ಉತ್ತರ ಆಗುವುದಿಲ್ಲ, ಹುದ್ದೆ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಮಾಡಿಯಾದರೂ ಖಾಯಂ ಮಾಡಿ ಅಂದಿತು.

ಈ ಮೂರರಲ್ಲೂ ಗೆದ್ದವರ ಕೈಯಲ್ಲಿ ಏನಿತ್ತು ಅಂತ ನೋಡಿ. ವರ್ಷಗಳಿದ್ದವು, ಸರಿ. ಅದರ ಜೊತೆಗೆ ಕೆಲಸ ವರ್ಷಪೂರ್ತಿ ನಡೆಯುವಂಥದ್ದು, ಕಚೇರಿಗೆ ಬೇಕೇಬೇಕಾದದ್ದು, ಹೇಳುತ್ತಿದ್ದವರು ಕಚೇರಿಯವರೇ ಅಂತ ತೋರಿಸುವುದಕ್ಕೆ ಆಧಾರ ಇತ್ತು. ನಿಮ್ಮ ಕೇಸಿನ ಗಂಟು ಇರುವುದು 2011ರಲ್ಲಿ ಹಾಕಿದ ಆ ಸಹಿಯಲ್ಲಿ. ಗುತ್ತಿಗೆ ಕೆಲಸಗಾರರು ತಾವಾಗಿಯೇ ಮೂಲ ಕಚೇರಿಯ ನೌಕರರಾಗುವುದಿಲ್ಲ ಅಂತ 2001ರ ಸ್ಟೀಲ್ ಅಥಾರಿಟಿ ತೀರ್ಪು ಹೇಳುತ್ತದೆ. ಆದರೆ ಅದೇ ತೀರ್ಪು, ಗುತ್ತಿಗೆ ಬರೀ ಹೆಸರಿಗೆ ಇದ್ದು ನಿಜವಾಗಿ ಕೆಲಸ ಮಾಡಿಸುತ್ತಿದ್ದದ್ದು ಕಚೇರಿಯೇ ಅಂತ ಸಾಬೀತಾದರೆ ನೀವು ಕಚೇರಿಯ ನೌಕರರೇ ಅಂತಲೂ ಹೇಳುತ್ತದೆ. ಅದನ್ನು ಸಾಕ್ಷಿ ನೋಡಿ ತೀರ್ಮಾನಿಸಬೇಕಾದದ್ದು ಕಾರ್ಮಿಕ ನ್ಯಾಯಮಂಡಳಿ. ಆ ಮಂಡಳಿ ನೋಡುವುದು ಕೈಗಾರಿಕೆಯ ವಿವಾದ. ನೀರು ಸರಬರಾಜು ಕೈಗಾರಿಕೆ ಹೇಗಾಗುತ್ತದೆ ಅಂತ ಯಾರಾದರೂ ಕೇಳಿದರೆ, ಬೆಂಗಳೂರು ಜಲಮಂಡಳಿಯ ಕೇಸಿನಲ್ಲೇ 1978ರಲ್ಲಿ ಏಳು ನ್ಯಾಯಮೂರ್ತಿಗಳು ಅದು ಕೈಗಾರಿಕೆಯೇ ಅಂತ ಉತ್ತರ ಕೊಟ್ಟಿದ್ದಾರೆ ಅನ್ನಿ.

ಹಾಗಾದರೆ ಸಾಕ್ಷಿ ಎಲ್ಲಿಂದ ತರುವುದು? ನಿಮ್ಮ ಮನೆಯಲ್ಲೇ ಇರುತ್ತದೆ, ಹುಡುಕಿ. ಈ ಪತ್ರ ಓದಿದಾಗ ನನಗೆ ಕೆಲವು ವರ್ಷದ ಹಿಂದೆ ಬಂದಿದ್ದ ನಿಮ್ಮಂಥವರೇ ಒಬ್ಬರ ನೆನಪಾಯಿತು. ಏನಾದರೂ ಕಾಗದ ಇದೆಯಾ ಅಂತ ಕೇಳಿದರೆ ಏನೂ ಇಲ್ಲ ಸರ್ ಅಂದರು. ಆಮೇಲೆ ಮಾತಾಡುತ್ತಾ ಅಂಗಿ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದರು. ನೀರು ಬಿದ್ದು ಮೂಲೆಯೆಲ್ಲ ಉಬ್ಬಿತ್ತು. ಒಳಗೆ ತಾರೀಕು, ಯಾವ ಬೀದಿಗೆ ಎಷ್ಟು ಗಂಟೆಗೆ ನೀರು ಬಿಟ್ಟರು, ಎಷ್ಟಕ್ಕೆ ಬಂದ್ ಮಾಡಿದರು, ಎಲ್ಲ ಪೆನ್ಸಿಲ್‌ನಲ್ಲಿ. ಹದಿನೈದು ದಿನಕ್ಕೊಮ್ಮೆ ಇಂಜಿನಿಯರ್ ನೋಡಿ ಕೆಳಗೆ ಚಿಕ್ಕ ಸಹಿ ಹಾಕಿದ್ದರು. ಅಂಥ ಪುಸ್ತಕ ಟ್ರಂಕಿನಲ್ಲಿ ಹನ್ನೊಂದು ಇದ್ದವು! ಕೆಲಸ ಹೇಳುತ್ತಿದ್ದದ್ದು ಯಾರು ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ ಹೇಳಿ.

ನೀವೂ ಅಂಥದ್ದನ್ನು ಕೂಡಿಸಿ. 2006ರಿಂದ 2011ರವರೆಗಿನ ಮಸ್ಟರ್ ರೋಲ್ (ದಿನಗೂಲಿಗಳ ಹಾಜರಿ ಪಟ್ಟಿ) ಮತ್ತು ಸಂಬಳದ ಓಚರ್‌ಗಳ ದೃಢೀಕೃತ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡ್ ಇದ್ದರೆ ಆ ಶುಲ್ಕವೂ ಇಲ್ಲ. ನಾಲ್ಕೂ ಗುತ್ತಿಗೆದಾರರ ಟೆಂಡರ್ ಕರಾರು ಕೇಳಿ, ಅದರ ಜೊತೆ ಕೊಟ್ಟ ಕೆಲಸಗಾರರ ಪಟ್ಟಿ ಕೇಳಿ. ನಾಲ್ಕು ಪಟ್ಟಿಯಲ್ಲೂ ನಿಮ್ಮದೇ ಹೆಸರು ಇದ್ದರೆ, ಗುತ್ತಿಗೆದಾರ ಬದಲಾದರೂ ಆಳು ಬದಲಾಗಲಿಲ್ಲ ಅಂತ ಆ ಪಟ್ಟಿಗಳೇ ಮಾತಾಡುತ್ತವೆ. ವಾಟ್ಸಾಪ್ ಗುಂಪಿನಲ್ಲಿ ನಾಳೆ ಇಂಥ ವಾರ್ಡಿಗೆ ನೀರು ಬಿಡಿ ಅಂತ ಇಂಜಿನಿಯರ್ ಹಾಕಿದ ಸಂದೇಶ ಇರುತ್ತದಲ್ವಾ, ಅಳಿಸಬೇಡಿ. ರಜೆ ಚೀಟಿ ಯಾರಿಗೆ ಕೊಟ್ಟಿರಿ, ವಾಲ್ವ್ ತಿರುಗಿಸುವ ಕಬ್ಬಿಣದ ಕೀ ಯಾವ ಸ್ಟೋರಿನಿಂದ ಕೊಟ್ಟರು, ಗುರುತಿನ ಚೀಟಿ ಮೇಲೆ ಯಾರ ಸೀಲ್ ಇದೆ, ಇದೆಲ್ಲ ಲೆಕ್ಕಕ್ಕೆ ಬರುತ್ತದೆ.

ಪೌರಕಾರ್ಮಿಕರ ವಿಷಯ ಕೇಳಿದ್ದೀರಿ. ಅವರಿಗೆ ಆದದ್ದು ಸರ್ಕಾರದ ನೀತಿ ಬದಲಾದದ್ದರಿಂದ. ಬೀದಿಯಲ್ಲಿ ವರ್ಷಗಟ್ಟಲೆ ಹೋರಾಡಿ, 2017ರಲ್ಲಿ ಗುತ್ತಿಗೆ ಬಿಡಿಸಿ ನೇರ ಪಾವತಿಗೆ, ಅಂದರೆ ಕಚೇರಿಯಿಂದಲೇ ಸಂಬಳ ಬರುವ ಹಾಗೆ, ತಂದುಕೊಂಡರು. 700 ಜನಕ್ಕೆ ಒಬ್ಬರು ಅನ್ನುವ ಲೆಕ್ಕದಲ್ಲಿ ಹುದ್ದೆ ನಿಗದಿಯಾಯಿತು, ವಿಶೇಷ ನೇಮಕಾತಿ ಬಂತು. 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನಕ್ಕೆ ಖಾಯಂ ನೇಮಕದ ಪತ್ರ ಕೊಟ್ಟದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ಕಸದ ಗಾಡಿ ಓಡಿಸುವವರು, ಲೋಡರ್‌ಗಳು, ನೀರು ಬಿಡುವವರು ಆ ಲೆಕ್ಕದೊಳಗೆ ಬರಲಿಲ್ಲ. ಅದಕ್ಕೇ ಈಗ ನೇರ ಪಾವತಿಗೆ ಕೇಳುತ್ತಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ ನಿಮ್ಮ ಮೊದಲ ಹೆಜ್ಜೆ ಅದೇ ಆಗಲಿ. ಒಬ್ಬರೇ ಹೋಗಬೇಡಿ, ನಿಮ್ಮ ಪಟ್ಟಣದ ಎಲ್ಲ ವಾಲ್ವ್‌ಮನ್‌ಗಳು ಸೇರಿ ಸಂಘದ ಮೂಲಕ ಕಾರ್ಮಿಕ ಅಧಿಕಾರಿ ಮುಂದೆ ವಿವಾದ ಎತ್ತಿ. ಅದರಿಂದ ಇನ್ನೊಂದು ಲಾಭ ಇದೆ. ರಾಜಿ ಸಂಧಾನ ನಡೆಯುತ್ತಿರುವಾಗ, ಆ ವಿವಾದಕ್ಕೆ ಸಂಬಂಧಪಟ್ಟ ವಿಷಯದಲ್ಲಿ ನಿಮ್ಮ ಕೆಲಸದ ಷರತ್ತು ಬದಲಿಸುವುದಕ್ಕಾಗಲಿ ತೆಗೆದುಹಾಕುವುದಕ್ಕಾಗಲಿ ಬರಹದ ಅನುಮತಿ ಬೇಕು. ಸುಮ್ನೆ ನಾಳೆಯಿಂದ ಬರಬೇಡ ಅನ್ನುವ ಹಾಗಿಲ್ಲ.

ಒಂದು ಎಚ್ಚರಿಕೆ. 2025ರ ನವೆಂಬರ್ 21ರಿಂದ ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ಕೆಲಸದಿಂದ ತೆಗೆದವರಿಗೆ ನ್ಯಾಯಮಂಡಳಿಗೆ ಹೋಗುವುದಕ್ಕೆ ಮೊದಲು ಮೂರು ವರ್ಷ ಸಮಯ ಇತ್ತು, ಈಗ ಎರಡೇ ವರ್ಷ. ನೋಡೋಣ, ಹಬ್ಬ ಮುಗೀಲಿ, ಮಗಳ ಮದುವೆ ಆಗಲಿ ಅಂತ ಮುಂದಕ್ಕೆ ಹಾಕುತ್ತಾ ಹೋದರೆ ದಿನ ಮೀರುತ್ತದೆ.

ಪ್ರಶ್ನೆ: ನಾನು ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಪದವಿ ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಅತಿಥಿ ಉಪನ್ಯಾಸಕಿ. ಪ್ರತಿ ವರ್ಷ ಬಿಡುಗಡೆ ಮಾಡಿ, ಮತ್ತೆ ಕೌನ್ಸೆಲಿಂಗ್ ಮಾಡಿ ತೆಗೆದುಕೊಳ್ಳುತ್ತಾರೆ. ಈಗ ಐದು ತಿಂಗಳ ಗರ್ಭಿಣಿ. ಹೆರಿಗೆ ರಜೆ ಕೇಳಿದರೆ ಅತಿಥಿಗಳಿಗೆ ಅದೆಲ್ಲ ಇಲ್ಲ, ಬೇಕಾದರೆ ಬಿಟ್ಟು ಹೋಗಿ ಅಂದರು. ರಜೆ ಕೇಳಿದ್ದಕ್ಕೆ ಮುಂದಿನ ವರ್ಷ ತೆಗೆದುಕೊಳ್ಳದಿದ್ದರೆ ಏನು ಮಾಡಲಿ ಅಂತ ಭಯ. ಖಾಯಂ ಆಸೆ ಇಟ್ಟುಕೊಳ್ಳಬಹುದಾ?

ಉತ್ತರ: ತಾಯಿ, ನಿಮ್ಮ ಪತ್ರದಲ್ಲಿ ಎರಡು ವಿಷಯ ಒಂದಕ್ಕೊಂದು ಅಂಟಿಕೊಂಡಿವೆ. ಬಿಡಿಸಿ ನೋಡೋಣ. ಹೆರಿಗೆ ರಜೆಗೆ ಖಾಯಂ ಆಗಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಇದ್ದದ್ದು ಒಂದೇ ಲೆಕ್ಕ: ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು. ಈಗ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ ಇದೆ. ಮೊದಲ ಎರಡು ಮಕ್ಕಳಿಗೆ ಸಂಬಳ ಸಮೇತ 26 ವಾರ. ದೆಹಲಿ ಪಾಲಿಕೆಯಲ್ಲಿ ರಸ್ತೆ ಕೆಲಸ ಮಾಡುತ್ತಿದ್ದ ಮಸ್ಟರ್ ರೋಲ್ ಹೆಣ್ಣುಮಕ್ಕಳು 2000ನೇ ಇಸವಿಯಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇದನ್ನು ಗೆದ್ದಿದ್ದಾರೆ. ಕಲ್ಲು ಹೊರುವ ದಿನಗೂಲಿ ಹೆಂಗಸಿಗೆ ಸಿಕ್ಕಿದ್ದು ಪಾಠ ಹೇಳುವ ನಿಮಗೆ ಯಾಕೆ ಸಿಗಬಾರದು?

ಶೈಕ್ಷಣಿಕ ವರ್ಷ ಮುಗಿದರೆ ರಜೆಯೂ ಮುಗಿಯಿತು ಅಂತ ಹೇಳುತ್ತಾರೆ. ಅದಕ್ಕೆ 2023ರ ಆಗಸ್ಟ್ 17ರ ಕವಿತಾ ಯಾದವ್ ತೀರ್ಪು ನೆನಪಿಡಿ. ಗುತ್ತಿಗೆಯ ಅವಧಿ ಮಧ್ಯದಲ್ಲಿ ಮುಗಿದರೂ ಹೆರಿಗೆ ಸೌಲಭ್ಯ ಪೂರ್ತಿ ಕೊಡಬೇಕು ಅಂತ ಅದರಲ್ಲಿ ಹೇಳಿದ್ದಾರೆ. ಹಾಗಾಗಿ ಬಾಯಿಮಾತಿನಲ್ಲಿ ಕೇಳಿದ್ದು ಸಾಕು. ಪ್ರಾಂಶುಪಾಲರಿಗೆ ಲಿಖಿತ ಅರ್ಜಿ ಕೊಡಿ, ಡಾಕ್ಟರ್ ಸರ್ಟಿಫಿಕೇಟ್ ಲಗತ್ತಿಸಿ, ಇನ್ನೊಂದು ಪ್ರತಿಗೆ ಕಚೇರಿ ಸೀಲ್ ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ಕಚೇರಿ ಕಚೇರಿ ಅಲೆಯಬೇಡಿ, ಮನೆಯವರನ್ನು ಯಾರನ್ನಾದರೂ ಕಳಿಸಿ.

ಖಾಯಂ ವಿಷಯ ಸ್ವಲ್ಪ ಕಷ್ಟದ್ದು. ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಸ್ಪರ್ಧಾ ಪರೀಕ್ಷೆಯ ನೇಮಕಾತಿ ಇದೆ, ಉಮಾದೇವಿ ತೀರ್ಪು ಅಲ್ಲಿ ಗೋಡೆಯ ಹಾಗೆ ನಿಂತಿದೆ. 2023ರ ಕೊನೆಯಲ್ಲಿ ತಿಂಗಳುಗಟ್ಟಲೆ ತರಗತಿ ಬಿಟ್ಟು ಹೋರಾಡಿದಾಗಲೂ ಸರ್ಕಾರ 5,000 ರೂಪಾಯಿ ಗೌರವಧನ ಹೆಚ್ಚಿಸಿತು, ಆರೋಗ್ಯ ವಿಮೆ, 60 ವರ್ಷಕ್ಕೆ 5 ಲಕ್ಷದ ಇಡುಗಂಟು ಅಂದಿತು, ಖಾಯಂ ಅನ್ನಲಿಲ್ಲ. ಸಂಬಳದ ವಿಷಯದಲ್ಲಿ ಮಾತ್ರ ಬಲವಾದ ಆಧಾರ ಇದೆ. ಖಾಯಂ ನೌಕರನಷ್ಟೇ ಕೆಲಸ ಮಾಡುವ ತಾತ್ಕಾಲಿಕ ನೌಕರನಿಗೆ ಆ ಶ್ರೇಣಿಯ ಕನಿಷ್ಠ ವೇತನವಾದರೂ ಸಿಗಬೇಕು ಅಂತ 2016ರ ಜಗಜೀತ್ ಸಿಂಗ್ ತೀರ್ಪು. ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಕೇಸಿನಲ್ಲಿ 2025ರ ಆಗಸ್ಟ್‌ನಲ್ಲಿ ಅದನ್ನೇ ಮತ್ತೆ ಹೇಳಿದರು. ಸಭೆಯಲ್ಲಿ ಗುರುಬ್ರಹ್ಮ ಗುರುವಿಷ್ಣು ಅಂತ ಶ್ಲೋಕ ಹೇಳಿದರೆ ಸಾಲದು, ನಡೆಸಿಕೊಳ್ಳುವ ರೀತಿಯಲ್ಲಿ ಆ ಗೌರವ ಕಾಣಬೇಕು ಅಂತ ನ್ಯಾಯಮೂರ್ತಿಗಳು ಬೇಸರಪಟ್ಟಿದ್ದೂ ಅದರಲ್ಲೇ. ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಪಾಸಾಗಿದ್ದರೆ ನೇಮಕಾತಿ ಪರೀಕ್ಷೆಯನ್ನೂ ಬಿಡಬೇಡಿ. ಹನ್ನೆರಡು ವರ್ಷದ ಅನುಭವ ಪ್ರಮಾಣಪತ್ರವನ್ನು ಪ್ರತಿ ವರ್ಷದ್ದೂ ಬೇರೆ ಬೇರೆಯಾಗಿ ಈಗಲೇ ತೆಗೆದಿಟ್ಟುಕೊಳ್ಳಿ, ಪ್ರಾಂಶುಪಾಲರು ವರ್ಗವಾದ ಮೇಲೆ ಅದನ್ನು ಪಡೆಯುವುದು ದೊಡ್ಡ ತಾಪತ್ರಯ.

ಪ್ರಶ್ನೆ: ಚಳ್ಳಕೆರೆ ಕಡೆಯ ಒಂದು ಎಣ್ಣೆ ಗಿರಣಿಯಲ್ಲಿ ಎಂಟು ವರ್ಷದಿಂದ ಕೆಲಸ. ದಿನಕ್ಕೆ 450. ಆರು ತಿಂಗಳಿಗೊಮ್ಮೆ ಹದಿನೈದು ದಿನ ಬ್ರೇಕ್ ಕೊಟ್ಟು ಮತ್ತೆ ಕರೆಯುತ್ತಾರೆ. 240 ದಿನ ಆದರೆ ಖಾಯಂ ಅಂತಾರೆ, ಬ್ರೇಕ್ ಕೊಟ್ಟರೆ ಅದು ಹೋಗಿಬಿಡುತ್ತಾ? ಪಿಎಫ್ ಕಟ್ ಆಗುತ್ತೆ, ಬ್ರೇಕ್ ಬಂದಾಗೆಲ್ಲ ತೆಗೆದುಕೊಂಡಿದ್ದೀನಿ.

ಉತ್ತರ: ತಮ್ಮಾ, 240 ದಿನದ ಬಗ್ಗೆ ಜನರಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. 240 ದಿನ ಆದರೆ ಖಾಯಂ ಆಗುವುದಿಲ್ಲ. ನಿನ್ನನ್ನು ಸುಮ್ಮನೆ ತೆಗೆಯುವ ಹಾಗಿಲ್ಲ ಅನ್ನುವ ರಕ್ಷಣೆ ಸಿಗುತ್ತದೆ. ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಜೊತೆಗೆ ದುಡಿದ ವರ್ಷಕ್ಕೆ 15 ದಿನದಂತೆ ಪರಿಹಾರ. ನಿನ್ನ ಲೆಕ್ಕದಲ್ಲಿ 450ರ ಹಾಗೆ 15 ದಿನಕ್ಕೆ 6,750, ಎಂಟು ವರ್ಷಕ್ಕೆ 54,000. ಅದನ್ನು ಕೊಡದೆ ತೆಗೆದರೆ ತೆಗೆದದ್ದೇ ಕಾನೂನುಬಾಹಿರ.

ಬ್ರೇಕ್‌ಗೆ ಹೆದರಬೇಡ, ಲೆಕ್ಕ ಹಾಕು. 365ರಲ್ಲಿ ಎರಡು ಬ್ರೇಕ್‌ನ 30 ದಿನ ಕಳೆದರೆ 335. ಭಾನುವಾರ ಒಂದು 48 ಕಳೆದರೂ 287 ಉಳಿಯುತ್ತದೆ. ಅಂದರೆ 240 ದಾಟಿದೆ. ಸಂಬಳ ಸಹಿತದ ವಾರದ ರಜೆ ಇದ್ದರೆ ಅದೂ ಕೆಲಸದ ದಿನ ಅಂತಲೇ 1985ರಲ್ಲಿ ತೀರ್ಮಾನ ಆಗಿದೆ. ಖಾಯಂ ಮಾಡದೇ ಇರುವುದಕ್ಕೆ ಅಂತಲೇ ವರ್ಷಗಟ್ಟಲೆ ಬದಲಿ, ತಾತ್ಕಾಲಿಕ ಅಂತ ಇಟ್ಟುಕೊಳ್ಳುವುದು ಅನುಚಿತ ಕಾರ್ಮಿಕ ಪದ್ಧತಿ. ಹಳೆಯ ಕಾಯ್ದೆಯಲ್ಲೂ ಹೊಸ ಸಂಹಿತೆಯಲ್ಲೂ ಅದು ಪಟ್ಟಿಯಲ್ಲಿದೆ. ನಿನ್ನದು ಖಾಸಗಿ ಗಿರಣಿ, ಆದ್ದರಿಂದ ಉಮಾದೇವಿ ತೀರ್ಪು ಅಡ್ಡ ಬರುವುದಿಲ್ಲ. ಖಾಯಂ ಕೇಳುವುದಕ್ಕೆ ಮೇಲಿನ ಇಬ್ಬರಿಗಿಂತ ನಿನ್ನ ದಾರಿ ಸಲೀಸು ಅಂತಲೇ ಹೇಳಬೇಕು.

ಆದರೆ 240 ದಿನ ಮಾಡಿದ್ದೇನೆ ಅಂತ ತೋರಿಸುವ ಹೊಣೆ ನಿನ್ನದೇ. ನಮ್ಮ ರಾಜ್ಯದ್ದೇ ಎರಡು ಕೇಸು ಹೇಳುತ್ತೇನೆ. ಅರಣ್ಯ ಇಲಾಖೆಯ ಒಬ್ಬ ದಿನಗೂಲಿ ನೌಕರರು ನಾನು 240 ದಿನ ಮಾಡಿದ್ದೇನೆ ಅಂತ ಪ್ರಮಾಣಪತ್ರ ಬರೆದುಕೊಟ್ಟರು, ಬೇರೆ ಕಾಗದ ಇರಲಿಲ್ಲ. 2002ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಇನ್ನೊಬ್ಬರು ಅಥಣಿಯ ಹಿಪ್ಪರಗಿ ಅಣೆಕಟ್ಟು ವಿಭಾಗದಲ್ಲಿ ದುಡಿದವರು. ಅವರ ಹತ್ತಿರ ಇಷ್ಟು ದಿನ ಕೆಲಸ ಮಾಡಿದ್ದಾರೆ ಅಂತ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಕೊಟ್ಟ ಒಂದು ಸರ್ಟಿಫಿಕೇಟ್ ಇತ್ತು. ಮಸ್ಟರ್ ರೋಲ್ ತರಿಸಿ ಅಂತ ಅವರೇ ಕೇಳಿದರು, ಇಲಾಖೆ ಪೂರ್ತಿ ತರಲಿಲ್ಲ. 2005ರಲ್ಲಿ ಅವರು ಗೆದ್ದರು. ಇಬ್ಬರೂ ಬೆವರು ಸುರಿಸಿದವರೇ. ಒಬ್ಬರ ಹತ್ತಿರ ಒಂದು ಹಾಳೆ ಇತ್ತು, ಇನ್ನೊಬ್ಬರ ಹತ್ತಿರ ಇರಲಿಲ್ಲ.

ನಮ್ಮಪ್ಪ ದಾವಣಗೆರೆಯ ಒಂದು ಬಟ್ಟೆ ಗಿರಣಿಯಲ್ಲಿ ಬದಲಿ ಕೆಲಸಗಾರ. ದಿನಾ ಪಾಳಿ ಶುರುವಾಗುವ ಮುಂಚೆ ಗೇಟಿನ ಹತ್ತಿರ ನಿಲ್ಲಬೇಕು, ಖಾಯಂ ಆಳು ಯಾರಾದರೂ ಬರದಿದ್ದರೆ ಒಳಗೆ ಕರೆಯುತ್ತಿದ್ದರು. ಕರೆದ ದಿನ ಬದಲಿ ಕಾರ್ಡಿನಲ್ಲಿ ಒಂದು ಗುರುತು. ಆ ಕಾರ್ಡುಗಳನ್ನು ಅವ್ವ ಸಕ್ಕರೆಯ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಳು. ಗಿರಣಿ ಮುಚ್ಚಿ ಬಾಕಿ ಹಂಚುವಾಗ ಬದಲಿಯವರ ಪುಸ್ತಕ ಸಿಗುತ್ತಿಲ್ಲ ಅಂದರು. ಅಪ್ಪನ ಪಾಲಿಗೆ ಲೆಕ್ಕ ಆಗಿ ಬಂದದ್ದು ಆ ಕವರಿನಿಂದ. ಪಕ್ಕದ ಮನೆಯವರು ಹದಿನಾಲ್ಕು ವರ್ಷ ಗೇಟಿನಲ್ಲಿ ನಿಂತಿದ್ದರು, ಅವರ ಕಾರ್ಡು ಮಳೆಗೆ ಮನೆ ಸೋರಿದಾಗ ಹೋಗಿತ್ತು. ಅವರು ನಮ್ಮ ಜಗಲಿ ಮೇಲೆ ಕೂತು ಏನೂ ಮಾತಾಡದೆ ಎದ್ದು ಹೋದದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ನಾನು ವಕೀಲರ ಕಚೇರಿ ಸೇರಿ ದುಡಿಯುವವರ ಅರ್ಜಿ ಬರೆಯುವುದನ್ನೇ ಕೆಲಸ ಮಾಡಿಕೊಂಡೆ.

ನಿನ್ನ ವಿಷಯದಲ್ಲಿ ಪಿಎಫ್ ಪಾಸ್‌ಬುಕ್ಕೇ ಆ ಕಾರ್ಡು. ತಿಂಗಳು ತಿಂಗಳು ಯಾರು ಕಟ್ಟಿದರು ಅಂತ ಅದರಲ್ಲಿ ಅಚ್ಚಾಗಿರುತ್ತದೆ. ಉಮಂಗ್ ಆ್ಯಪ್‌ನಲ್ಲಿ ತೆಗೆದು ಪ್ರಿಂಟ್ ಹಾಕಿಸಿ ಇಟ್ಟುಕೋ. ಬ್ರೇಕ್ ಬಂದಾಗೆಲ್ಲ ದುಡ್ಡು ತೆಗೆಯುವುದನ್ನು ಇವತ್ತಿಗೆ ನಿಲ್ಲಿಸು. ಪಿಂಚಣಿಗೆ 10 ವರ್ಷದ ಸೇವೆ ಕೂಡಬೇಕು. ಪಿಂಚಣಿ ಭಾಗವನ್ನೂ ಸೇರಿಸಿ ತೆಗೆದಾಗೆಲ್ಲ ಆವರೆಗಿನ ಸೇವೆ ಅಳಿಸಿ ಹೋಗುತ್ತದೆ. ಒಂದೇ ಯುಎಎನ್ (ಪಿಎಫ್‌ನ ಖಾಯಂ ಸಂಖ್ಯೆ) ಇಟ್ಟುಕೊಂಡು ಖಾತೆ ವರ್ಗಾಯಿಸುತ್ತಾ ಹೋದರೆ, ಮಧ್ಯೆ ಬ್ರೇಕ್ ಇದ್ದರೂ ತುಂಡು ತುಂಡು ಸೇವೆ ಒಟ್ಟಾಗುತ್ತದೆ. ಇನ್ನೊಂದು ವಿಷಯ, ಮತ್ತೆ ಸೇರಿಸಿಕೊಳ್ಳುವಾಗ ಖಾಲಿ ಹಾಳೆಗೆ ಸಹಿ ಕೇಳಿದರೆ ಹಾಕಬೇಡ. ಹಾಕಲೇಬೇಕಾದ ಪರಿಸ್ಥಿತಿ ಬಂದರೆ ಅವತ್ತೇ ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದುಕೋ, ಜೊತೆಗಿದ್ದವರ ಹೆಸರು, ತಾರೀಕು ಬರೆದಿಡು.

ಪ್ರಶ್ನೆ: ಜಗಳೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ವಾಟರ್‌ಮನ್. ಹನ್ನೊಂದು ವರ್ಷ ಆಯಿತು. ಜಿಲ್ಲಾ ಪಂಚಾಯಿತಿ ಅನುಮೋದನೆ ಆಗಿಲ್ಲ ಅಂತ ಯಾವ ಸೌಲಭ್ಯಕ್ಕೂ ಹೆಸರು ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ಅನುಮೋದನೆ ಇಲ್ಲದ ಪಂಚಾಯಿತಿ ನೌಕರ, ದಾಖಲೆಯಲ್ಲಿ ಇದ್ದೂ ಇಲ್ಲದ ಹಾಗೆ. ಮೊದಲು ನಿಮ್ಮನ್ನು ತೆಗೆದುಕೊಂಡ ಸಭೆಯ ಠರಾವಿನ ಪ್ರತಿ ತೆಗೆಸಿ. ಠರಾವೇ ಆಗಿಲ್ಲವೋ, ಆಗಿ ತಾಲ್ಲೂಕಿನಲ್ಲಿ ಕೂತಿದೆಯೋ, ಜಿಲ್ಲಾ ಪಂಚಾಯಿತಿಗೆ ಹೋಗಿ ಆಕ್ಷೇಪಣೆ ಬಂದು ವಾಪಸ್ ಬಂದಿದೆಯೋ ಗೊತ್ತಾಗದೆ ಮುಂದಿನ ಅರ್ಜಿ ಬರೆದರೆ ಉಪಯೋಗ ಇಲ್ಲ. ಕಡತ ಎಲ್ಲಿ ನಿಂತಿದೆ ಅಂತ ಪಿಡಿಒ ಅವರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ. ಸಂಬಳ ಬ್ಯಾಂಕ್ ಖಾತೆಗೆ ಬರುತ್ತಿದ್ದರೆ ಹನ್ನೊಂದು ವರ್ಷದ ಸ್ಟೇಟ್‌ಮೆಂಟ್ ತೆಗೆಸಿ. ಕಾಗದ ಸಿಕ್ಕ ಮೇಲೆ ಮತ್ತೆ ಬರೆಯಿರಿ, ನೋಡಿ ಹೇಳುತ್ತೇನೆ.

ಪ್ರಶ್ನೆ: ನಮ್ಮತ್ತೆ ಹೊಸದುರ್ಗದ ಹತ್ತಿರ ಒಂದು ಖಾಸಗಿ ಶಿಕ್ಷಣ ಸಂಸ್ಥೆಯ ಹಾಸ್ಟೆಲ್‌ನಲ್ಲಿ 16 ವರ್ಷ ಅಡುಗೆ ಮಾಡಿದರು. ಹೋದ ವರ್ಷ 60 ಆಯಿತು ಅಂತ ನಿಲ್ಲಿಸಿದರು. ಕೊನೆಯ ಸಂಬಳ 14,000. ಕೈಗೇ ಕೊಡುತ್ತಿದ್ದರು, ಕಾಗದ ಏನೂ ಇಲ್ಲ. ಖಾಯಂ ಆಗಿರಲಿಲ್ಲ, ಹಾಗಾಗಿ ಏನೂ ಬರಲ್ಲ ಅಂತ ಒಂದು ಸೀರೆ ಕೊಟ್ಟು ಕಳಿಸಿದರು. ನಿಜವಾಗಿ ಏನೂ ಇಲ್ವಾ?

ಉತ್ತರ: ಇದೆ, ತಂಗಿ. ಗ್ರಾಚುಟಿ ಇದೆ, ಅಂದರೆ ದುಡಿದ ವರ್ಷಗಳಿಗೆ ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಇಡುಗಂಟು. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಸಂಸ್ಥೆಯಲ್ಲಿ ಐದು ವರ್ಷ ಬಿಡದೆ ದುಡಿದವರಿಗೆ ಅದು ಹಕ್ಕು. ಖಾಯಂ, ತಾತ್ಕಾಲಿಕ ಅಂತ ಭೇದ ಇಲ್ಲ. ಛತ್ತೀಸ್‌ಗಢದಲ್ಲಿ 22 ವರ್ಷ ದಿನಗೂಲಿ ಮಾಡಿ ಕೊನೆಯ ಮೂರು ವರ್ಷ ಮಾತ್ರ ಖಾಯಂ ಆಗಿದ್ದ ಒಬ್ಬರಿಗೆ ಪೂರ್ತಿ 25 ವರ್ಷದ ಗ್ರಾಚುಟಿ ಕೊಡಿ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮ್ಮತ್ತೆಯ ಲೆಕ್ಕ ಹೀಗೆ: 14,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 8,076 ರೂಪಾಯಿ ಚಿಲ್ಲರೆ, 16 ವರ್ಷಕ್ಕೆ ಸುಮಾರು 1,29,230. ಕೆಲಸ ಬಿಟ್ಟ 30 ದಿನದಲ್ಲಿ ಕೊಡಬೇಕಿತ್ತು, ತಡ ಮಾಡಿದ್ದಕ್ಕೆ ಬಡ್ಡಿಯೂ ಸೇರುತ್ತದೆ.

ಮೊದಲು ಸಂಸ್ಥೆಗೇ ಅರ್ಜಿ ಕೊಡಿ. ಸೇರಿದ ತಾರೀಕು, ಬಿಟ್ಟ ತಾರೀಕು, ಕೊನೆಯ ಸಂಬಳ, ಬ್ಯಾಂಕ್ ಖಾತೆ, ಇಷ್ಟು ಸಾಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯಲ್ಲಿ ಗ್ರಾಚುಟಿ ವಿಚಾರಿಸುವ ಅಧಿಕಾರಿಗೆ ಅರ್ಜಿ ಹಾಕಿ. ಸಂಬಳ ಕೈಗೆ ಕೊಡುತ್ತಿದ್ದರು, ಕಾಗದ ಇಲ್ಲ ಅಂತ ಬರೆದಿದ್ದೀರಿ. ಹಾಸ್ಟೆಲ್ ದಿನಾಚರಣೆಯ ಫೋಟೋ ಇರಬಹುದು, ರೇಷನ್ ಇಳಿಸಿಕೊಂಡ ಪುಸ್ತಕದಲ್ಲಿ ಅವರ ಸಹಿ ಇರಬಹುದು. ಅವರ ಕೈ ಊಟ ಮಾಡಿ ಓದಿದ ಹುಡುಗರು ಇವತ್ತು ದೊಡ್ಡವರಾಗಿದ್ದಾರೆ, ಅವರಲ್ಲಿ ಇಬ್ಬರು ಮೂವರು ಬಂದು ಹೇಳಿದರೂ ಅದು ಸಾಕ್ಷಿಯೇ. ಅತ್ತೆಯ ಹತ್ತಿರ ಕೂತು ಯಾವ ವರ್ಷ ಯಾವ ವಾರ್ಡನ್ ಇದ್ದರು ಅಂತ ಒಂದೊಂದಾಗಿ ಕೇಳಿ ಬರೆದುಕೊಳ್ಳಿ. 16 ವರ್ಷದ ಅಡುಗೆ ಮನೆ ಅವರಿಗೆ ಬಾಯಿಪಾಠ ಇರುತ್ತದೆ.